ಗಂಡನ ಹೆಸರು ಹೇಳಿದ ಅಕ್ಕ

ಮೊನ್ನೆ ಪಿಂಚಣಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ನನಗೆ ಸಹಿ ಬರ್ತೈತಿ, ಯಾರೂ ಕೇಳಲಿಲ್ಲ. ಬೆರಳಿಗೆ ಹತ್ತಿದ ನೀಲಿ ಮಸಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಅಗರಖೇಡದ ನಮ್ಮ ಬಾಜೂ ಮನಿ ಅಕ್ಕ ನೆನಪಾದಳು...

ಎಪ್ಪತ್ತರ ದಶಕದ ಮಾತು. ಅಕ್ಕನ ಗಂಡ ಗೋಡೆ ಕಟ್ಟುವ ಗೌಂಡಿ. ದುಡಿಯಲು ಮುಂಬೈಗೆ ಹೋದವ ಅಲ್ಲಿಂದ ಪಾಸ್‌ಪೋರ್ಟ್ ಇಲ್ಲದೆ ಲಾಂಚ್ ಹತ್ತಿ ದುಬೈ ಕಡೆ ಹೊಂಟ. ಭೀಮಾ ಹೊಳೆ ಬಿಟ್ಟು ಬೇರೆ ನೀರು ಕಾಣದ ಮನುಷ್ಯ! ದಂಡೆ ಮುಟ್ಟುತ್ತಲೇ ಅಲ್ಲಿನ ಪೊಲೀಸರು ಹಿಡಿದು ಜೈಲಿಗೆ ಹಾಕಿದರು. ‘ಇವ ನಮ್ಮವ’ ಅಂತ ನಮ್ಮ ಸರ್ಕಾರ ಬರೆದುಕೊಟ್ಟರೆ ಬಿಡುತ್ತಾರೆ ಎಂದು ಅವನ ಜೊತೆಗಾರ ಮುಂಬೈಯಿಂದ ಕಾರ್ಡು ಹಾಕಿದ.

ಅಕ್ಕ ಅಳಲಿಲ್ಲ. ಮರುದಿನವೇ, ಸಾಲಿ ಕಲಿಯುತ್ತಿದ್ದ ನನ್ನನ್ನು ಕರಕೊಂಡು ಇಂಡಿಯ ತಾಲ್ಲೂಕು ಕಚೇರಿಗೆ ಹೋದಳು.

“ಸಮುದ್ರ ದಾಟೂವಾಗ ಸರ್ಕಾರನ್ನ ಕೇಳಿದ್ನೇನು ನಿನ್ನ ಗಂಡ?” ಗುಮಾಸ್ತ ಚುಚ್ಚಿದ.

“ಕೇಳಿಲ್ರಿ. ತಪ್ಪು ಮಾಡ್ಯಾರ. ಅಷ್ಟಕ್ಕ ಅವರ ಊರು ಬ್ಯಾರೆ ಆಗ್ತೈತೇನ್ರಿ?”

ಅವ ಕಾಗದದ ಹಾಳಿ ತೆಗೆದು ಗಂಡನ ಹೆಸರು ಕೇಳಿದ. ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳೋದಿಲ್ಲ. ಮದುವೆಯಲ್ಲಿ ಒಡಪಿನ ಪದದೊಳಗೆ ಸೇರಿಸಿ ಹೇಳಿದ್ದೇ ಕಡೆ. ಅಕ್ಕ ನನ್ನ ಮುಖ ನೋಡಿದಳು. ನಾನು ಓಣಿಯವರು ಕರೆಯುವ ಹೆಸರು ಹೇಳಿಬಿಟ್ಟೆ. ತೊಟ್ಟಿಲಲ್ಲಿ ಇಟ್ಟ ಹೆಸರು ಬೇರೆ ಇತ್ತು, ನನಗೆ ಗೊತ್ತಿರಲಿಲ್ಲ. ಅಕ್ಕನಿಗೆ ಗೊತ್ತಿತ್ತು. ಯಾವ ಹೆಸರಾದರೇನು, ಮನುಷ್ಯ ಒಬ್ಬನೇ ಅಲ್ಲವೇ ಅಂದುಕೊಂಡು ಹೆಬ್ಬೆಟ್ಟು ಒತ್ತಿದಳು.

ಎಂಟು ತಿಂಗಳಿಗೆ ಉತ್ತರ ಬಂತು: ಆ ಹೆಸರಿನವ ಆ ಜೈಲಿನಲ್ಲಿ ಇಲ್ಲ. ಅವ ಅಲ್ಲಿ ಬರೆಸಿದ್ದು ತೊಟ್ಟಿಲ ಹೆಸರು. ಅಷ್ಟರಲ್ಲಿ ಅವಳ ಅತ್ತೆ ಮಗನನ್ನು ಕೇಳುತ್ತ ಕೇಳುತ್ತ ತೀರಿಕೊಂಡಿದ್ದಳು...

ಅಕ್ಕ ಮತ್ತೆ ಕಚೇರಿಗೆ ನಡೆದಳು. ಈ ಸಲ ನನಗೆ ಬಾಯಿ ತೆರೆಯಗೊಡಲಿಲ್ಲ. ಸೆರಗು ಬಿಗಿ ಮಾಡಿ ಗಂಡನ ತೊಟ್ಟಿಲ ಹೆಸರು, ಮಾವನ ಹೆಸರು, ಮನೆತನದ ಅಡ್ಡಹೆಸರು, ಎಲ್ಲಾ ಪಡಸಾಲೆಗೆ ಕೇಳುವಂತೆ ಹೇಳಿದಳು.

“ಈಗ ಬಾಯಿ ಬಂತೇನವ್ವ?” ಅಂದ ಗುಮಾಸ್ತ.

“ಬಂದೈತ್ರಿ. ಬರಕೊಳ್ರಿ. ಬರದದ್ದು ಓದಿ ಹೇಳ್ರಿ. ಅಲ್ಲೀತನಕ ನಾ ಇಲ್ಲಿಂದ ಏಳೂದಿಲ್ಲ.”

ಅವ ಓದಿ ಹೇಳಿದ.

ಮುಂದಿನ ಸುಗ್ಗಿ ಹೊತ್ತಿಗೆ ಗಂಡ ಬಂದ, ಎಲುಬಿನ ಹಂದರವಾಗಿ. ಬಸ್ಸಿಳಿದವನೇ ಅವ್ವ ಎಲ್ಲಿ ಅಂತ ಕೇಳಿದ. ಅಕ್ಕ ಹೇಳಿದಳು. ನನ್ನ ಸುದ್ದಿ ಮಾತ್ರ ಎತ್ತಲಿಲ್ಲ. “ಹೆಸರು ಹೇಳಾಕ ನಾಚಿ ನಾನ ತಡಾ ಮಾಡ್ದೆ,” ಅಂದಳು. ಅದು ಅರ್ಧ ಖರೆ. ಉಳಿದರ್ಧ ಹೇಳಲು ನಾನು ಅಲ್ಲೇ ನಿಂತಿದ್ದೆ, ಹೇಳಲಿಲ್ಲ.

ಅಕ್ಕ ಹೋಗಿ ಬಹಳ ವರ್ಷವಾದವು. ಅವಳ ಹಿಂದೆಯೇ ಅವನೂ ಹೋದ. ಇನ್ನು ಯಾರ ಮುಂದೆ ಹೇಳಲಿ... ಅದಕ್ಕೇ ಬರೆದಿಟ್ಟೆ: ಆ ತಪ್ಪು ಹೆಸರು ಬರೆಸಿದವಳು ನಾನು.