ನಾಲ್ಕು ಕಾಲಿನ ಕೋಳಿ

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಬಿ.ಎ. ಪಾಸಾದದ್ದಕ್ಕೆ ಅಪ್ಪ ಕೊಡಿಸಿದ ಕೈಗಡಿಯಾರ ಆಗಿನ್ನೂ ಹೊಸತು. ಕಾರಣವಿಲ್ಲದೆಯೂ ಅದನ್ನು ನೋಡಿಕೊಳ್ಳುತ್ತಿದ್ದೆ. ಹಾಗಾಗಿ ಆ ಹೊತ್ತು ನನ್ನಲ್ಲಿ ಉಳಿದುಬಿಟ್ಟಿದೆ. ಕಾರ್ಕಳದ ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ ಅಮ್ಮ ಕಾಲು ಚಾಚಿ ಕುಳಿತು, ಕೇರುಬೀಜಕ್ಕೆ ದಬ್ಬಣ ಚುಚ್ಚಿ, ಅದರ ರಸದಿಂದ ಬಿಳಿ ಬಟ್ಟೆಯ ಮೇಲೆ ಮೊದಲ ಗೆರೆ ಎಳೆದಳು.

ಕೇರುಬೀಜವೆಂದರೆ ಗೋಡಂಬಿಯ ಗೇರುಬೀಜವಲ್ಲ. ಬಟ್ಟೆ ಒಗೆಯುವವರು ಯಾವುದು ಯಾರ ಮನೆಯದೆಂದು ತಿಳಿಯಲು ಅಂಚಿಗೆ ಗುರುತು ಹಾಕುತ್ತಿದ್ದ ಕಪ್ಪು ಬೀಜ. ಬಟ್ಟೆ ಹರಿದರೂ ಆ ಗುರುತು ಹೋಗುವುದಿಲ್ಲ. ಹಸಿ ರಸ ತಾಗಿದರೆ ಮೈ ಉರಿಯುತ್ತದೆಂದು ನಮಗೆಲ್ಲ ಗೊತ್ತಿತ್ತು. ಆದರೆ ಅಪ್ಪನ ಅಂಗಿಯ ಕಾಲರಿನೊಳಗೆ, ನನ್ನ ಸೀರೆಯ ಮೂಲೆಯಲ್ಲಿ, ಹಾಸಿಗೆಯ ಹೊದಿಕೆಯಲ್ಲಿ, ಎಲ್ಲೆಲ್ಲೂ ಆ ಗುರುತು ಇತ್ತು. ಒಣಗಿದ ಮೇಲೆ ಅದು ಯಾರಿಗೂ ಏನೂ ಮಾಡಿರಲಿಲ್ಲ.

ಅಕ್ಕ ಎರಡನೆಯ ಬಾಣಂತನಕ್ಕೆಂದು ಕಾಪುವಿನ ಗಂಡನ ಮನೆಯಿಂದ ಬಂದಿದ್ದಳು. ಜೊತೆಗೆ ಐದು ವರ್ಷದ ಮಗಳು. ತಮ್ಮ ಹುಟ್ಟಿದಂದಿನಿಂದ ಆ ಹುಡುಗಿ ಒಲೆಯ ಮಸಿಕೆಂಡದ ತುಂಡು ಹಿಡಿದು ಕಂಡಲ್ಲೆಲ್ಲ ಕೋಳಿ ಬರೆಯುತ್ತಿದ್ದಳು. ತಮ್ಮನಿಗೆ ಕೊಡಲಿಕ್ಕಂತೆ.

"ಎಂತ ಮಾರಾಯ್ತಿ, ನಾಲ್ಕು ಕಾಲಿನ ಕೋಳಿ ಯಾವ ಊರಿದ್ದು? ಕಾಪುವಿನದ್ದಾ?" ಎಂದು ನಾನು ಕೆಣಕಿದ್ದೆ.

"ಎರಡು ನಿಲ್ಲಲಿಕ್ಕೆ, ಎರಡು ಓಡ್ಲಿಕ್ಕೆ. ಅಷ್ಟೂ ಗೊತ್ತಿಲ್ವಾ ಚಿಕ್ಕಮ್ಮ? ನೀವು ಕಾಲೇಜಿಗೆ ಹೋದದ್ದಲ್ವಾ?"

"ಹೇಳು, ಈಗ ಉತ್ತರ ಹೇಳು" ಎಂದು ಅಮ್ಮ ನಕ್ಕಿದ್ದಳು. ಆ ನಗುವಿನಲ್ಲೇ ಅವಳಿಗೆ ಆ ಯೋಚನೆ ಬಂದದ್ದು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನಕ್ಕೆ ಹಳೆಯ ಬಿಳಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸು ಹೊಲಿದಿದ್ದಳು. ಅದರ ಮೇಲೆ ತಮ್ಮನಿಗೆ ಹುಡುಗಿಯ ಉಡುಗೊರೆಯಾಗಿ ಈ ಕೋಳಿ ಇರಲಿ. ನೂಲಿನಲ್ಲಿ ಕಸೂತಿ ಹಾಕಿದರೆ ಗಂಟು ಚುಚ್ಚುತ್ತದೆ, ಮಸಿ ಒಂದು ಒಗೆತಕ್ಕೆ ಹೋಗುತ್ತದೆ. ಮಗುವಿನ ಬಟ್ಟೆಯನ್ನು ದಿನವೂ ಕುದಿಸಬೇಕಲ್ಲ. ಆದ್ದರಿಂದ ಕೇರು. ಹುಡುಗಿ ಬಟ್ಟೆಯ ಎರಡು ಮೂಲೆ ಹಿಡಿದು ಕುಳಿತಳು. ಅವಳು ಮಸಿಯಲ್ಲಿ ಎಳೆದ ಗೆರೆಯ ಮೇಲೆಯೇ, ಒಂದು ಕೂದಲೆಳೆಯೂ ಆಚೆ ಹೋಗದಂತೆ ಅಮ್ಮ ರಸ ಎಳೆದಳು. ಆಮೇಲೆ ಸುಣ್ಣದ ನೀರಿನಲ್ಲಿ ಅದ್ದಿದಳು.

"ಸುಣ್ಣ ಬಿದ್ದರೆ ಅದರ ಉರಿ ಸಾಯ್ತದೆ" ಎಂದಳು. ಹುಡುಗಿ ಒಣಹಾಕಿದ ಬಟ್ಟೆಯ ಕೆಳಗೆ ನಿಂತು ಕೋಳಿಗೆ ಕಾಳು ಹಾಕುವ ಆಟ ಆಡಿದಳು.

ತೊಟ್ಟಿಲಿಗೆ ಹಾಕಿದ ದಿನ ಬಂದವರೆಲ್ಲ ಮಗುವಿಗಿಂತ ಕೋಳಿಯನ್ನೇ ಹೊಗಳಿದರು. ಸೆಕೆಗಾಲ, ಗಾಳಿಯೇ ಇಲ್ಲ. ಮಗುವಿನ ಬೆನ್ನು ಬೆವರಿ ಆ ಹಾಸುಬಟ್ಟೆಗೆ ಅಂಟುತ್ತಿತ್ತು. ಮರುದಿನವೂ ಏನೂ ಇಲ್ಲ. ಆಮೇಲೆ ಅವನು ಅಳತೊಡಗಿದ. ಬೆನ್ನು ಕೆಂಪಾಯಿತು, ಕೆಂಪಿನ ಮೇಲೆ ಸಾಲಾಗಿ ನೀರುಗುಳ್ಳೆಗಳು ಎದ್ದವು.

ಪಕ್ಕದ ಮನೆಯ ದೊಡ್ಡಮ್ಮ ನೋಡಿದವರೇ ಕೈ ಮುಗಿದರು. "ಇದು ಸರ್ಪಸುತ್ತು. ತಲೆಯೂ ಬಾಲವೂ ಒಂದಕ್ಕೊಂದು ಸೇರ್ಲಿಕ್ಕೆ ಬಿಡಬೇಡಿ ಮತ್ತೆ."

ಕೆಮ್ಮಣ್ಣು ಅರೆದು ಹಚ್ಚಿದರು. ಬೆನ್ನಿನ ತುಂಬ ಕೆಂಪು ಲೇಪ ಕುಳಿತಿತು. ಅದರ ಕೆಳಗೆ ಏನಿದೆಯೆಂದು ಮತ್ತೆ ಯಾರೂ ನೋಡುವ ಹಾಗಿರಲಿಲ್ಲ. ಈಗಲೂ ನನ್ನ ಕಣ್ಣ ಮುಂದೆ ಬರುವುದು ಆ ಗುಳ್ಳೆಗಳಲ್ಲ. ಮಗು ಅತ್ತಷ್ಟೂ ನಾವು ಅವನನ್ನು ಅದೇ ಬಟ್ಟೆಯಲ್ಲಿ ಸುತ್ತಿದೆವು. ಮನೆಯಲ್ಲಿ ಅಷ್ಟು ಮೆತ್ತಗಿನ ಬಟ್ಟೆ ಬೇರೆ ಇರಲಿಲ್ಲ. ಕೈಯಿಂದ ಕೈಗೆ ಹೋಗುವಾಗ ಒಬ್ಬೊಬ್ಬರೂ ಇನ್ನಷ್ಟು ಬಿಗಿಯಾಗಿ ಸುತ್ತುತ್ತಿದ್ದರು.

ಜ್ವರ ಏರಿ, ಕಣ್ಣಿನ ರೆಪ್ಪೆ ಬಾತು ಮುಚ್ಚಿಕೊಂಡಾಗ ಅಪ್ಪ ಬಾಡಿಗೆ ಕಾರು ತಂದರು. ಹಿರಿಯಡ್ಕ ದಾಟುವಾಗ ಮಗು ಅಳುವುದನ್ನೇ ನಿಲ್ಲಿಸಿದ. ಅಕ್ಕ ಅವನ ಮೂಗಿನ ಹತ್ತಿರ ಬೆರಳು ಹಿಡಿದು ಕುಳಿತಳು. ಪರ್ಕಳದ ಏರನ್ನು ಕಾರು ಏದುಸಿರು ಬಿಡುತ್ತಾ ಹತ್ತಿತು. ಆ ಬಟ್ಟೆ ಆಗಲೂ ಅವನ ಮೈಮೇಲೆ ಇತ್ತು.

ಮಣಿಪಾಲದ ಆಸ್ಪತ್ರೆಯಲ್ಲಿ ನರ್ಸ್ ಮಗುವನ್ನು ಕವುಚಿ ಮಲಗಿಸಿ, ಒದ್ದೆ ಹತ್ತಿಯಿಂದ ಕೆಮ್ಮಣ್ಣನ್ನು ಮೆಲ್ಲಗೆ ತೊಳೆದಳು. ಹುಡುಗಿ ನನ್ನ ಕೈ ಹಿಡಿದು ನಿಂತಿದ್ದಳು.

"ಚಿಕ್ಕಮ್ಮ, ಅದು ನನ್ನ ಕೋಳಿ."

"ಸುಮ್ಮನಿರು" ಎಂದೆ.

"ಕಾಲು ಲೆಕ್ಕ ಮಾಡಿ ನೋಡಿ."

ನಾನು ನೋಡಿದೆ. ಗುಳ್ಳೆಗಳ ಸಾಲು ಕೊಕ್ಕಾಗಿತ್ತು, ಜುಟ್ಟಾಗಿತ್ತು, ಉಬ್ಬಿದ ಹೊಟ್ಟೆಯಾಗಿತ್ತು. ಕೆಳಗೆ ನಾಲ್ಕು ಕಾಲು. ಬಟ್ಟೆಯ ಮೇಲೆ ಎಡಕ್ಕೆ ಮುಖ ಮಾಡಿದ್ದ ಕೋಳಿ ಬೆನ್ನಿನ ಮೇಲೆ ಬಲಕ್ಕೆ ತಿರುಗಿತ್ತು. ನನ್ನ ಗಂಟಲಿನಿಂದ ಹೊರಟ ಸದ್ದಿಗೆ ಡಾಕ್ಟರು ತಿರುಗಿ ನೋಡಿದರು. ನಾನು ಬಟ್ಟೆಯತ್ತ ಕೈ ತೋರಿಸಿದೆ. ಅವರು ಅದನ್ನು ಚಿಮಟದಲ್ಲಿ ಎತ್ತಿ ಬೆನ್ನಿನ ಪಕ್ಕಕ್ಕೆ ಹಿಡಿದರು.

"ಇದನ್ನು ಬರೆದದ್ದು ಯಾರು?"

"ನಾನು" ಎಂದಳು ಅಮ್ಮ. "ನಾನು" ಎಂದಳು ಹುಡುಗಿ. ಎರಡೂ ದನಿ ಒಟ್ಟಿಗೇ ಬಂದವು.

ಡಾಕ್ಟರು ಬೈಯಲಿಲ್ಲ. ಬಟ್ಟೆಯಲ್ಲಿ ದಪ್ಪಗೆ ಕುಳಿತ ರಸ ಬೆವರಿಗೆ ಕರಗಿ ಎಳೆಯ ಚರ್ಮಕ್ಕೆ ಇಳಿದಿದೆ ಎಂದರು. ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇತ್ತು. ಬೆಳಗಿನಿಂದ ಮಗು ಮೂತ್ರ ಮಾಡಿರಲಿಲ್ಲ. ವಿಷ ಮೂತ್ರಪಿಂಡಕ್ಕೆ ತಾಗಿದ್ದರೆ ಕಷ್ಟ. "ನಾವು ಹಾಸಿದ ಬಟ್ಟೆ ಒದ್ದೆಯಾದ ಕೂಡಲೇ ಹೇಳಿ. ನಾವು ಕಾಯುವುದು ಅದಕ್ಕೇ" ಎಂದರು.

ನಾವು ಕಾದೆವು. ಸುದ್ದಿ ತಿಳಿದು ಕಾಪುವಿನಿಂದ ಬಂದ ಭಾವ ಬಾಗಿಲಲ್ಲೇ ನಿಂತರು. ಅಕ್ಕ, ಅಮ್ಮ, ನಾನು, ಸರದಿಯಂತೆ ಮಗುವಿನ ಕೆಳಗೆ ಕೈ ಹಾಕಿ ನೋಡಿದೆವು. ಪ್ರತಿ ಸಲವೂ ಒಣ ಬಟ್ಟೆ. ಒಣ ಬಟ್ಟೆ ಅಷ್ಟು ಭಯಂಕರವಾಗಿರಬಹುದೆಂದು ನನಗೆ ಗೊತ್ತಿರಲಿಲ್ಲ. ಹುಡುಗಿ ಮಂಚದ ಕೆಳಗೆ ಕುಳಿತು, "ನನ್ನ ಕೋಳಿ ಅವನನ್ನು ಕುಕ್ಕಿತು" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅವಳನ್ನು ಎತ್ತಿಕೊಳ್ಳಲು ಅಮ್ಮ ಕೈ ಚಾಚಿದಳು, ತನ್ನ ಬೆರಳುಗಳನ್ನು ನೋಡಿ ಹಿಂದೆಳೆದುಕೊಂಡಳು.

ದೀಪ ಹಚ್ಚುವ ಹೊತ್ತಿಗೆ ಅಕ್ಕ ಕಿರುಚಿದಳು. "ಹೊಯ್ದ! ಅಮ್ಮಾ, ಉಚ್ಚೆ ಹೊಯ್ದ!"

ಪಕ್ಕದ ಮಂಚದ ಕೊಂಕಣಿ ಹೆಂಗಸು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ಅಳುತ್ತಲೇ ನಕ್ಕರು. "ನಮ್ಮಲ್ಲಿ ಮಕ್ಕಳು ಹೊಯ್ದರೆ ಬೈಗಳು. ನಿಮ್ಮಲ್ಲಿ ಹಬ್ಬ ಮಾರಾಯ್ರೆ!"

ಮಗು ಉಳಿದ. ಆದರೆ ಮನೆಗೆ ಬಂದ ಮೇಲೆ ನಿದ್ದೆ ಯಾರಿಗೂ ಇರಲಿಲ್ಲ. ಅವನು ಅತ್ತರೆ ಎಲ್ಲರೂ ಏಳುತ್ತಿದ್ದೆವು, ಅಳದಿದ್ದರೆ ಇನ್ನೂ ಬೇಗ ಏಳುತ್ತಿದ್ದೆವು. ಗುಳ್ಳೆ ಒಣಗಿದ ಜಾಗದಲ್ಲಿ ಕಂದು ಬಣ್ಣದ ಕಲೆ ಉಳಿದಿತ್ತು. ಹುಡುಗಿ ರಾತ್ರಿ ಎದ್ದು ನನ್ನನ್ನು ಅಲುಗಾಡಿಸಿ ದೀಪ ತರಿಸುತ್ತಿದ್ದಳು. ತಮ್ಮನ ಅಂಗಿ ಎತ್ತಿ ಕೋಳಿಯ ಕಾಲು ಎಣಿಸದೆ ಮಲಗುತ್ತಿರಲಿಲ್ಲ. ಮಸಿಯ ತುಂಡು ಮುಟ್ಟುವುದನ್ನೂ ಬಿಟ್ಟಿದ್ದಳು. ಅಮ್ಮ ಮಗುವನ್ನು ದೂರದಿಂದಲೇ ನೋಡುತ್ತಿದ್ದಳು.

ಮೊದಲು ಜುಟ್ಟು ಮಾಸಿತು. ಆಮೇಲೆ ಕೊಕ್ಕು, ಹೊಟ್ಟೆ. ಮಳೆ ಹಿಡಿಯುವ ಹೊತ್ತಿಗೆ ಎರಡೇ ಗೆರೆ ಉಳಿದಿದ್ದವು.

"ಅಜ್ಜೀ, ನಿಲ್ಲುವ ಕಾಲು ಹೋಯ್ತು" ಎಂದು ಹುಡುಗಿ ಒಳಗಿನಿಂದ ಕೂಗಿದಳು. "ಈಗ ಓಡುವ ಕಾಲು ಮಾತ್ರ ಉಂಟು."

ಅಮ್ಮ ಬಾಗಿಲಿಗೆ ಬಂದಳು. "ಹಾಗಾದರೆ ಎಂತ ಆಗ್ತದೆ?"

"ಎಂತ ಆಗುವುದು? ಓಡಿ ಹೋಗ್ತದೆ."

ಅಮ್ಮ ಕೈಗಳನ್ನು ಸೀರೆಗೆ ಮತ್ತೆ ಮತ್ತೆ ಒರೆಸಿಕೊಂಡು ಮಗುವನ್ನು ಮಡಿಲಿಗೆ ತೆಗೆದುಕೊಂಡಳು. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲು.

ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಹಾಲಿನವಳು ಬಾಗಿಲು ಬಡಿದು ನಮ್ಮನ್ನು ಎಬ್ಬಿಸಬೇಕಾಯಿತು. "ಎಂತ, ಮನೆಯಲ್ಲಿ ಯಾರೂ ಇಲ್ವಾ?" ಬಿಸಿಲು ಅಂಗಳಕ್ಕೆ ಬಂದಾಗಿತ್ತು. ಮಗು ಅಮ್ಮನ ತೋಳಿನ ಮೇಲೆ ಬಾಯಿ ತೆರೆದು ಮಲಗಿದ್ದ, ಹುಡುಗಿ ಅವನ ಕಾಲ ಬುಡದಲ್ಲಿ ಮುದುಡಿಕೊಂಡಿದ್ದಳು. ರಾತ್ರಿ ಯಾರೂ ಹಚ್ಚದ ದೀಪ ಇಟ್ಟಲ್ಲೇ ಇತ್ತು, ಬತ್ತಿ ಹೊಸತಾಗಿಯೇ ಉಳಿದಿತ್ತು. ಎಷ್ಟು ಗಂಟೆಯಾಯಿತೆಂದು ನಾನು ನೋಡಲಿಲ್ಲ.