ಹಿಂದಿನ ಬೆಂಚಿನ ಹೊಸಬ

ಗೆಳೆಯರೇ, ಇವತ್ತು ಡೊಂಬಿವ್ಲಿಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಆರಾಧನೆಯ ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ಒಬ್ಬ ಅಪರಿಚಿತ ಕೂತಿದ್ದ. ಹಾಡಲಿಲ್ಲ, ಪ್ರಾರ್ಥನೆಗೆ ಕಣ್ಣು ಮುಚ್ಚಲಿಲ್ಲ. ಮೊಬೈಲ್ ಎತ್ತಿ ವಿಡಿಯೋ ಮಾಡುತ್ತಲೇ ಇದ್ದ.

ಈಗಿನ ಕಾಲದಲ್ಲಿ ನಮಗೆ ಬರುವ ಯೋಚನೆ ಒಂದೇ: ಮತಾಂತರ ನಡೀತಿದೆ ಅಂತ ದೂರು ಕೊಡಲು ಬಂದವನು. ನಾವು ಸೇರುವುದೇ ಬಾಡಿಗೆಗೆ ಹಿಡಿದ ಶಾಲೆಯ ಹಾಲ್‌ನಲ್ಲಿ. ಅದೂ ಕೈತಪ್ಪಿದರೆ ಇನ್ಯಾರು ಜಾಗ ಕೊಡುತ್ತಾರೆ? ಸಭೆಯ ಹಿರಿಯನಾದ ನಾನು ನಮ್ಮ ಪಾದ್ರಿ ಅಯ್ಯನವರಿಗೆ ಬೇಗ ಮುಗಿಸಿ ಅಂತ ಕಣ್ಸನ್ನೆ ಮಾಡಿದೆ. ಗಂಟೆಗಟ್ಟಲೆ ಪ್ರಸಂಗ ಮಾಡುವವರು ನಾಲ್ಕೇ ಮಾತಿನಲ್ಲಿ ಮುಗಿಸಿ ಆಶೀರ್ವಾದ ಹೇಳಿಬಿಟ್ಟರು.

ಹೊರಟವನನ್ನು ಬಾಗಿಲಲ್ಲೇ ತಡೆದೆ. "ವಿಡಿಯೋ ಯಾಕೆ ಮಾಡಿದ್ದು ನೀವು?"

"ಸಿಟ್ಟಾಗಬ್ಯಾಡ್ರಿ. ನಾವೂ ಕ್ರೈಸ್ತರ, ಗದಗ ಕಡೆಯವ್ರು. ಮಗಗ ಹೆಣ್ಣು ನೋಡಾಕತ್ತೀವಿ. ಅಲ್ಲಿ ಮುಂದ ಹಾಡ್ತಿದ್ಳಲ್ಲ, ನೀಲಿ ಚೂಡಿದಾರದಾಕಿ, ಮನ್ಯಾಗ ತೋರ್ಸಾಕ ತಗೊಂಡೆ."

ನೀಲಿ ಚೂಡಿದಾರದವಳು ನನ್ನ ಮಗಳು. ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. "ಪಪ್ಪಾ, ಪೆಹಲೇ ಡಿಲೀಟ್ ಕರ್‌ವಾವೋ," ಎಂದಳು, ಹಲ್ಲು ಕಚ್ಚಿಕೊಂಡು.

ಪಾಪ, ಅವರು ಅಲ್ಲೇ ಅಳಿಸಿದರು. ಮೆಟ್ಟಿಲಿಳಿಯುವಾಗ ತಿರುಗಿ ನಿಂತು ನನ್ನನ್ನೇ ಅನುಮಾನದಿಂದ ನೋಡಿದರು. "ಅಲ್ರೀ, ಇಷ್ಟ್ ಸಣ್ಣ ಪ್ರಸಂಗ ನಾನೆಲ್ಲೂ ಕೇಳಿಲ್ಲ. ನೀವು ಖರೇನ ಸಭಾದವ್ರ ಹೌದೋ ಅಲ್ಲೋ?"

ಅಂದ ಹಾಗೆ, ಇವತ್ತಿನ ಆ ಸಣ್ಣ ಪ್ರಸಂಗದ ವಿಷಯ: ಅಪರಿಚಿತರನ್ನು ಪ್ರೀತಿಯಿಂದ ಬರಮಾಡಿಕೊಳ್ಳುವುದು.