ಲಿಂಗಮ್ಮ ಎಂಬ ನಪುಂಸಕಲಿಂಗ

ಕನ್ನಡದ ಬಾಯಿಗೆ ಅರ್ಧಾಕ್ಷರದ ಮೇಲೆ ನಿಂತು ಅಭ್ಯಾಸವಿಲ್ಲ. ಕಾರ್ ಎಂಬುದು ಕಾರು ಆಗುತ್ತದೆ, ಬಸ್ ಎಂಬುದು ಬಸ್ಸು. ಬ್ರೇಕ್ ಎಂಬುದು, ಹಿಡಿಯಲಿ ಬಿಡಲಿ, ಬ್ರೇಕು. ಕೊನೆಗೊಂದು ಸ್ವರದ ಚಪ್ಪಲಿ ತೊಡಿಸದೆ ಯಾವ ಪದವನ್ನೂ ನಾವು ಬೀದಿಗೆ ಬಿಡುವವರಲ್ಲ. ಸ್ವಯಂನಿವೃತ್ತಿ ಪಡೆಯುವವರೆಗೂ ಈ ನಿಯಮವನ್ನು ಶಾಲೆಯ ಮಕ್ಕಳಿಗೆ ಕಲಿಸಿದವನು ನಾನು. ಅವರಲ್ಲಿ ಯಾರಿಗೆ ಉಪಯೋಗಕ್ಕೆ ಬಂತೋ ತಿಳಿಯದು. ನನಗಂತೂ ಕಳೆದ ತಿಂಗಳು ಕುರುಗೋಡಿನ ಒಂದು ದನದ ಕೊಟ್ಟಿಗೆಯಲ್ಲಿ ಬಂತು.

ಆ ಕೊಟ್ಟಿಗೆ ನನ್ನ ಅಕ್ಕ ನೀಲಮ್ಮನ ಮನೆಯದು. ಅಲ್ಲಿ ಭಾವನ ಅಜ್ಜನ ಕಾಲದ ಕಾರೊಂದು ನಿಂತಿದೆ. ಮಡಿಚುವ ಬಟ್ಟೆಯ ಚಾವಣಿ, ಗಾಜಿಲ್ಲದ ಪಕ್ಕಗಳು, ಎತ್ತಿನ ಬಂಡಿಗಿರುವಂತೆ ಕಟ್ಟಿಗೆಯ ಅರೆಕಾಲುಗಳ ಗಾಲಿಗಳು. ಅಜ್ಜ ಅದರಲ್ಲಿ ಕುಳಿತು ಸಿರುಗುಪ್ಪದ ಭತ್ತದ ಗದ್ದೆಗಳನ್ನು ನೋಡಿ ಬರುತ್ತಿದ್ದರಂತೆ. ಮನೆಯವರೆಲ್ಲ ಅದನ್ನು ಲಿಂಗಮ್ಮ ಎನ್ನುತ್ತಾರೆ. ಹಬ್ಬಕ್ಕೆ ಅರಿಸಿನ, ಕುಂಕುಮ ಹಚ್ಚುತ್ತಾರೆ. “ಲಿಂಗಮ್ಮ ನಿಂತಾಳ” ಎಂದು ಅಕ್ಕ ಹೇಳಿದಾಗಲೆಲ್ಲ, ಕಾರು ನಪುಂಸಕಲಿಂಗ, ‘ನಿಂತಿದೆ’ ಎನ್ನಬೇಕು ಎಂದು ನಾನು ತಿದ್ದುತ್ತಿದ್ದೆ. “ಸಾಲಿ ಬಿಟ್ಟು ಬಂದೀಯಲ್ಲೋ ತಮ್ಮಾ, ಇನ್ನಾ ಗಂಟಿ ಬಾರಸ್ತೀ?” ಎಂದು ಅವಳು ಚಹದ ಲೋಟವನ್ನು ಕೈಗಿಡುತ್ತಿದ್ದಳು.

ಹೀಗೆ ಹಾಯಾಗಿ ಸಾಗಿದ್ದ ವ್ಯಾಕರಣ ಕಲಹಕ್ಕೆ ಭಾವ ಹೊಸ ಟ್ರ್ಯಾಕ್ಟರ್ ತಂದದ್ದರಿಂದ ಗಂಡಾಂತರ ಒದಗಿತು. ಅದಕ್ಕೆ ನೆರಳು ಬೇಕು. ನೆರಳಿರುವುದು ಆ ಕೊಟ್ಟಿಗೆಯಲ್ಲಿ. ಸಿರುಗುಪ್ಪದ ಗುಜರಿಯವನಿಗೆ ಸೋಮವಾರ ಬರಲು ಹೇಳಿಯೂ ಆಯಿತು. ಅಕ್ಕ ಫೋನಿನಲ್ಲಿ ಅತ್ತಳು. ಬಳ್ಳಾರಿಯ ಗಾಂಧಿನಗರದಲ್ಲಿ ಕುಳಿತು ಭಾವನಿಗೆ ನಾನು ಮಾಡಿದ ಉಪದೇಶಕ್ಕೆ ಸಿಕ್ಕ ಉತ್ತರ ಇಷ್ಟೆ: “ಅದು ಯಾ ಕಂಪನಿದು ಅಂತ ಹೇಳ್ರಿ ಮಾಸ್ತರ, ಇಟ್ಕೊಂತೀನಿ. ಹೆಸರಿಲ್ಲಂದ್ರ ಬರೇ ಕಬ್ಬಣ.”

ಭಾನುವಾರ ನಾನು ಕಂಟೋನ್ಮೆಂಟಿನ ಗೆಳೆಯ ರಹಮತ್ ಅವರನ್ನು ಕರೆದೊಯ್ದೆ. ಎಂಜಿನಿಯರ್ ಕೆಲಸದಿಂದ ನಿವೃತ್ತರಾದ ಅವರಿಗೆ ಹಳೆಯ ವಾಹನಗಳೆಂದರೆ ಹುಚ್ಚು. ಅವರು ಕಾರನ್ನು ಕಂಡು ಮಗುವಾದರು. “ಬಣ್ಣ ಮೂಲದ್ದು, ತೊಗಲು ಮೂಲದ್ದು. ಯಾರೂ ರಿಪೇರಿ ಅಂತ ಕೈ ಹಚ್ಚೇ ಇಲ್ಲ!”

“ಇಲಿ ಹಚ್ಯಾವು,” ಎಂದರು ಭಾವ.

ಆದರೆ ಹೆಸರು? ಮುಂಭಾಗದ ಬಿಲ್ಲೆ ಎಂದೋ ಉದುರಿಹೋಗಿತ್ತು. ಅಜ್ಜ ಕೊಳ್ಳುವ ಮೊದಲೇ ನಾಲ್ಕು ಕಾರುಗಳ ಭಾಗಗಳನ್ನು ಜೋಡಿಸಿದ ಸಮಾಸವೂ ಇದಾಗಿರಬಹುದೆಂದು ರಹಮತ್ ಮುಖ ಬಾಡಿಸಿದರು. ನೀರಿನ ತಂಬಿಗೆ ತಂದ ಅಕ್ಕನಿಗೆ ಸಿಟ್ಟು ಬಂತು. “ಲಿಂಗಮ್ಮ ಅಂತ ಹೆಸರೈತಲ್ರೀ! ಮತ್ಯಾ ಹೆಸರು ಹುಡುಕಾಕ ಹತ್ತೀರಿ?”

“ಭಾವ, ನಿಮ್ಮ ಮನೆತನದಲ್ಲಿ ಲಿಂಗಮ್ಮ ಎನ್ನುವವರು ಯಾರಿದ್ದರು?” ಎಂದೆ.

“ಯಾರೂ ಇಲ್ಲ. ಅಜ್ಜನ ಕಾಲದಿಂದ ಕಾರಿಗೇ ಆ ಹೆಸರು.”

ನನ್ನೊಳಗಿನ ಕರಿಹಲಗೆ ಬೆಳಗಿತು. ಹೊಸದಾಗಿ ಬಂದ ವಸ್ತುವಿಗೆ ಇಲ್ಲದ ಹೆಂಗಸಿನ ಹೆಸರೇಕೆ? ಕೊನೆಯ ಸ್ವರವನ್ನೂ ದ್ವಿತ್ವವನ್ನೂ ಕಳಚಿದರೆ ಉಳಿಯುವುದು ‘ಲಿಂಗಮ್’. ಬಸ್ ಬಸ್ಸಾದ ನಿಯಮದಂತೆ ಅದು ‘ಲಿಂಗಮ್ಮು’ ಆಗಬೇಕು. ಆದರೆ ಶಿವನನ್ನು ನೆನೆಯದೆ ತುತ್ತೆತ್ತದ ಮನೆಯಲ್ಲಿ ಲಿಂಗಮ್ಮು ಒಂದು ಸಂಜೆಯಾದರೂ ಬಾಳೀತೆ? ಲಿಂಗಮ್ಮನೇ ಆದಾಳು.

“ಲಿಂಘಮ್!” ರಹಮತ್ ಕೂಗಿದರು. “ವಿಲಾಯತಿ ಸಣ್ಣ ಕಂಪನಿ ರೀ. ಕೆಲವೇ ಗಾಡಿ ಮಾಡಿ ಮುಚ್ಚಿಹೋತು. ಹೆಸರು ಕೇಳೀನಿ, ಗಾಡಿ ಕಂಡಿಲ್ಲ. ಆದ್ರ ಬಾಯಿಮಾತು ಸಾಲಂಗಿಲ್ಲ. ಗಾಲಿ ನಡುವಿನ ಮುಚ್ಚಳದ ಮ್ಯಾಲೆ ಉಬ್ಬಕ್ಷರದಾಗ ಹೆಸರಿರಬೇಕು.”

‘ಘ’ದ ಮಹಾಪ್ರಾಣವನ್ನು ನಮ್ಮ ಸೀಮೆ ಬಂದರಿನಲ್ಲೇ ಇಳಿಸಿಬಿಟ್ಟಿತ್ತೆಂದು ಕಾಣುತ್ತದೆ. ಮುಚ್ಚಳದ ಮೇಲಾದರೋ ತಲೆಮಾರುಗಳ ಕುಂಕುಮ ಹೆಪ್ಪುಗಟ್ಟಿತ್ತು. ನಾನು ಕರವಸ್ತ್ರ ತೆಗೆದೆ. ಅಕ್ಕ ಅಡ್ಡ ನಿಂತಳು. “ಮುತ್ತೈದಿ ಕುಂಕುಮ ಅಳಸ್ತೀಯೇನಲೇ?”

ಈ ಬಾರಿ ಲಿಂಗವನ್ನು ತಿದ್ದುವ ಧೈರ್ಯ ನನಗಾಗಲಿಲ್ಲ. ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜುವ ಆಟ ಯಾವ ಮೇಷ್ಟ್ರಿಗೆ ಗೊತ್ತಿಲ್ಲ? ಮುಚ್ಚಳಕ್ಕೆ ಕಾಗದ ಒತ್ತಿ ಹಿಡಿದು ಮೆಲ್ಲಗೆ ಉಜ್ಜಿದೆ. ಬರಿಯ ಮಸಿ. ಇನ್ನೂ ಉಜ್ಜಿದೆ. ಬಲಗಡೆ ಒಂದು ‘ಎಂ’ ಮೂಡಿತು. ಅದರ ಎಡಕ್ಕೆ ‘ಎ’. ಅಕ್ಕನಿಗೆ ಇಂಗ್ಲಿಷ್ ಬಾರದು. ಅವಳು ನಮ್ಮ ಮುಖಗಳನ್ನೇ ಓದುತ್ತಿದ್ದಳು. ‘ಎಚ್’ ಕಾಣಿಸಿದಾಗ ರಹಮತ್ ನನ್ನ ಭುಜವನ್ನು ಹಿಡಿದ ಹಿಡಿತ ಇನ್ನೂ ನೋಯುತ್ತದೆ. ಏಳು ಅಕ್ಷರಗಳೂ ಬಂದವು. ಎಲ್ಲಿ ನೋಡಬೇಕೆಂದು ತಿಳಿದ ಮೇಲೆ ಎಂಜಿನ್ನಿನ ಪಕ್ಕದಲ್ಲಿಯೂ ಅದೇ ಹೆಸರು ಸಿಕ್ಕಿತು. ಸಮಾಸವಲ್ಲ, ಒಂದೇ ಪದ.

ಭಾವ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಗುಜರಿಯವನಿಗೆ ಫೋನು ಮಾಡಿದರು. “ನಾಳಿ ಬರಬ್ಯಾಡಪ್ಪ. ಇಲ್ಲ, ರೇಟಿನ ಮಾತಲ್ಲ. ಮನಿ ಹೆಣ್ಮಗಳನ್ನ ತೂಕಕ್ಕ ಹಾಕಂಗಿಲ್ಲ.” ಅಕ್ಕ ಕಾರಿನ ಮೆಟ್ಟಿಲ ಮೇಲೆ ಕುಳಿತೇಬಿಟ್ಟಳು.

ಮೊನ್ನೆ ಮತ್ತೆ ಹೋಗಿದ್ದೆ. ಸಾಲ ಮಾಡಿ ತಂದ ಟ್ರ್ಯಾಕ್ಟರ್ ಅಂಗಳದಲ್ಲಿ ತಾಡಪಾಲು ಹೊದ್ದು ಬಿಸಿಲು ಕಾಯುತ್ತಿತ್ತು. “ಕಂಪನಿ ಹೆಸರು ಇಷ್ಟು ದೊಡ್ಡದಾಗಿ ಬರ್ದಾರ ನೋಡ್ರಿ ಮಾಸ್ತರ, ಆದ್ರ ಒಳಗ ಜಾಗ ಇಲ್ಲ,” ಎಂದರು ಭಾವ. ನಿಜ. ಬರೆದ ಹೆಸರು ಕಾರ್ಖಾನೆಯಿಂದ ಬಂದೀತು. ನೆರಳು ಸಿಗಬೇಕಾದರೆ ಮನೆಯವರು ಯಾರಾದರೂ ಕೂಗಿ ಕೂಗಿ ಆ ಹೆಸರನ್ನು ಕೆಡಿಸಿರಬೇಕು.